ಬೀಳದ ಹಾಳೆ

"ಮಾಸ್ಟ್ರೇ, ಈ ಟ್ಯಾಂಗೋ ಜೋಡಿ ಕುಣಿತದಲ್ಲಿ ಬಾಯಿಂದ ಹೇಳಬಾರದು, ಕೈಯಿಂದ ನೂಕಬಾರದು ಎನ್ನುತ್ತೀರಿ. ಮತ್ತೆ ಜೊತೆಗಾತಿಗೆ ದಾರಿ ತೋರಿಸುವುದು ಹೇಗೆ?" ಎಂದು ಭಾರ್ಗವ ಕೇಳಿದ.

ಅವನ ಹೆಂಡತಿ ಸುಮೇಧಾ ಆ ಸಂಜೆ ಹಾಡಿನ ನಡುವೆಯೇ ಕೈ ಬಿಡಿಸಿಕೊಂಡಿದ್ದಳು. "ಇವರ ಜೊತೆ ಇನ್ನು ನನ್ನಿಂದಾಗದು" ಎಂದು ಆಚೆ ಬೆಂಚಿನ ಮೇಲೆ ಹೋಗಿ ಕೂತಿದ್ದಳು.

ನೃತ್ಯ ಕಲಿಸುವ ಹಿಲರಿ ಮಾಸ್ಟರು ಮೀಸೆಯಲ್ಲೇ ನಕ್ಕರು. "ಒಂದು ಕತೆ ಹೇಳುತ್ತೇನೆ, ಕೂತುಕೋ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಮಾತ್ರ ಕೇಳಬೇಡ ಮಾರಾಯ."

ಒಬ್ಬ ಬೇಕರಿಯವನಿದ್ದ. ಮೈದಾ ನಾದಿ ನಾದಿ ಅವನ ತೋಳು ಒನಕೆಯಂತಾಗಿತ್ತು. ಅವನು ಒಬ್ಬ ನರ್ಸಮ್ಮನ ಜೊತೆ ಟ್ಯಾಂಗೋ ಕಲಿಯುತ್ತಿದ್ದ. ಹಿಟ್ಟನ್ನು ಹೊರಳಿಸಿದ ಹಾಗೆಯೇ ಅವಳನ್ನೂ ಹೊರಳಿಸುತ್ತಿದ್ದ. ಅವಳ ಒಂದು ಹೆಜ್ಜೆ ನೆಲಕ್ಕೆ ಊರುವ ಮೊದಲೇ ಇನ್ನೊಂದಕ್ಕೆ ಎಳೆಯುತ್ತಿದ್ದ.

ಒಂದು ದಿನ ಅವರ ಗುರು ಪರೀಕ್ಷೆ ಇಟ್ಟ. ಪ್ರತಿ ಜೋಡಿಯ ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಎದೆಗಳ ನಡುವೆ ಒಂದು ಹಾಳೆ ಇಟ್ಟುಕೊಂಡು ಮೂರು ಹಾಡು ಕುಣಿಯಬೇಕು. ಹಾಳೆ ಬಿದ್ದರೆ ಆ ಜೋಡಿಯನ್ನು ಬೇರೆ ಮಾಡಲಾಗುವುದು.

ಬೇಕರಿಯವನಿಗೆ ಜೀವ ಬಾಯಿಗೆ ಬಂತು. ಅವನ ಜೊತೆ ಕುಣಿಯಲು ಒಪ್ಪಿದವಳು ಆ ಊರಿನಲ್ಲಿ ಅವಳೊಬ್ಬಳೇ. ಅವನು ಯೋಚಿಸಿದ. ಮೈದಾ ಕುದಿಸಿ ಅಂಟು ಮಾಡಿದ. ಹಾಳೆಯನ್ನು ತನ್ನ ಅಂಗಿಗೆ ಮೆತ್ತಿಕೊಂಡು ಬಂದ.

ಮೊದಲನೇ ಹಾಡಿಗೆ ಐದು ಜೋಡಿಗಳ ಹಾಳೆ ಬಿತ್ತು. ಎರಡನೆಯದಕ್ಕೆ ಉಳಿದವರದೂ ಬಿತ್ತು. ಮೂರನೇ ಹಾಡಿನ ಕೊನೆಗೆ ನಿಂತಿದ್ದವರು ಇವರಿಬ್ಬರೇ. ಗುರು ಚಪ್ಪಾಳೆ ತಟ್ಟಿದ. ತನ್ನ ಬುದ್ಧಿಗೆ ತಾನೇ ಬೀಗುತ್ತ ಬೇಕರಿಯವನು ಎದೆಯ ಮೇಲೆ ಕೈಯೊತ್ತಿಕೊಂಡು ಹಾಳೆ ಕಿತ್ತುಹಾಕಲು ಮರೆಗೆ ಹೋದ. ಕೀಳಬೇಕಾಗಿಯೇ ಬರಲಿಲ್ಲ. ಎಳೆಯುವ ಮೊದಲೇ ಅದು ಕೈಗೆ ಬಂತು. ಅಂಟೆಲ್ಲ ಬೆವರಿಗೆ ಕರಗಿ ಹೊಟ್ಟೆಯವರೆಗೆ ಇಳಿದಿತ್ತು.

ಅವನು ನರ್ಸಮ್ಮನ ಬಳಿ ಬಂದು ಮೆಲ್ಲನೆ ಕೇಳಿದ: "ಇದು ಯಾವಾಗ ಬಿಟ್ಟಿತು?"

"ಮೊದಲನೇ ಹಾಡಿನಲ್ಲೇ. ನಿಮ್ಮ ಮೈದಾ ವಾಸನೆ ನನಗೆ ತಿಳಿಯುವುದಿಲ್ಲವೇ? ನೀವು ನುಗ್ಗಿದಾಗ ನಾನು ಹಿಂದೆ ಹೋದೆ. ನೀವು ಸರಿದಾಗ ಮುಂದೆ ಬಂದೆ. ನಿಮ್ಮ ಉಸಿರು ಹೇಗೂ ಮೊದಲೇ ಹೇಳಿಬಿಡುತ್ತದೆ."

ಬೇಕರಿಯವನು ತಾನೇ ಅವಳನ್ನು ನಡೆಸಿದೆ ಎಂದುಕೊಂಡಿದ್ದ. ಎರಡು ಹಾಡಿನ ಉದ್ದಕ್ಕೂ ಅವಳು ಅವನ ಮಾನವನ್ನು ಎದೆಯಲ್ಲಿ ಆನಿಸಿ ಹಿಡಿದಿದ್ದಳು. ಅವನ ಕಣ್ಣು ತುಂಬಿತು. "ದೊಡ್ಡ ಉಪಕಾರವಾಯಿತು ಅಮ್ಮ" ಎಂದು ಕೈ ಮುಗಿದ.

ಮುಂದಿನ ಪಾಠದಲ್ಲಿ ಅವನು ಎಳೆಯಲಿಲ್ಲ. ಉಸಿರು ತೆಗೆದುಕೊಂಡ. ಎದೆಯನ್ನು ಒಂದು ಕೂದಲೆಳೆಯಷ್ಟು ವಾಲಿಸಿದ. ಅವಳ ಕಾಲು ನೆಲಕ್ಕೆ ಊರುವ ತನಕ ಕಾದ. ಅವಳು ತಾನಾಗಿ ಬಂದಳು.

ಕತೆ ಮುಗಿಯಿತು. ಭಾರ್ಗವನ ಮುಖ ಅರಳಿತು. "ತಿಳಿಯಿತು ಮಾಸ್ಟ್ರೇ. ಎದೆಯಿಂದ ಸುಳಿವು ಕೊಡಬೇಕು, ಆಮೇಲೆ ಕಾಯಬೇಕು."

"ಅದೆಲ್ಲ ಆಮೇಲಿನದು. ಮೂರು ತಿಂಗಳಿಂದ ನಿನ್ನನ್ನು ಬೀಳದಂತೆ ನೋಡಿಕೊಂಡವಳಿಗೆ ನೀನು ಇನ್ನೂ ಕೈ ಮುಗಿದಿಲ್ಲ."

ಭಾರ್ಗವ ಎದ್ದು ಸುಮೇಧಾ ಕೂತಿದ್ದ ಬೆಂಚಿನ ಕಡೆಗೆ ನಡೆದ.