ಮಾರ್ಜಾಲರಾಯರ ತನಿಖೆ

ಬಿಲ್ಲಗಿರಿಯ ಆಡಳಿತದ ಸಂಗತಿಗಳು ಇಷ್ಟು. ಲಂಚ ನಿಷಿದ್ಧ. ಲಂಚಕೋರರನ್ನು ಹಿಡಿಯಲು ತನಿಖಾ ದಳವೊಂದಿತ್ತು. ದಳ ಹೊರಟಾಗ ರಾಜಮರ್ಯಾದೆಯಂತೆ ಮುಂದೆ ಕಹಳೆ ಊದಲಾಗುತ್ತಿತ್ತು. ಈವರೆಗೆ ಒಬ್ಬ ಲಂಚಕೋರನೂ ಸಿಕ್ಕಿರಲಿಲ್ಲ. ದೂರು ಸಾಬೀತಾಗದಿದ್ದರೆ, ದೂರಿದವರಿಗೆ ಹನ್ನೆರಡು ಛಡಿಯೇಟು.

“ನಮ್ಮ ರಾಜ್ಯದಲ್ಲಿ ಲಂಚವೆಂಬುದೇ ಇಲ್ಲ,” ಎಂದು ದೊರೆ ಸೋಮಭೂಪ ಮೀಸೆ ತಿರುವಿದ. ಸಭೆ ತಲೆದೂಗಿತು.

ಆಸ್ಥಾನಿಕ ತಿಪ್ಪರಸನ ತಲೆ ಮಾತ್ರ ಅಲ್ಲಾಡಲಿಲ್ಲ. ಅವನ ಕಣ್ಣು ಕಂಬದ ಬಳಿ ನಿಂತಿದ್ದ ನೇಕಾರರ ಹೊನ್ನವ್ವನ ಮೇಲಿತ್ತು. ಸುಂಕದ ಕಟ್ಟೆಯ ಅಧಿಕಾರಿ ತನ್ನಿಂದ ಸೀರೆಯೊಂದನ್ನು ಕಿತ್ತುಕೊಂಡ ಮೇಲೆಯೇ ಗಾಡಿ ಬಿಟ್ಟನೆಂದು ಅವಳು ದೂರಿದ್ದಳು. ದಳ ಕಹಳೆಯೊಡನೆ ಕಟ್ಟೆ ತಲುಪಿದಾಗ ಅಧಿಕಾರಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದನಂತೆ. ಮರುದಿನ ಹೊನ್ನವ್ವನ ಬೆನ್ನಿಗೆ ಛಡಿ ಬೀಳಬೇಕಿತ್ತು.

ಅಷ್ಟರಲ್ಲಿ ದೊರೆಗೆ ತನ್ನದೇ ಸಂಕಟ ನೆನಪಾಯಿತು. ಉಗ್ರಾಣದ ಇಲಿಗಳು ಅವನ ಜರತಾರಿ ಪೇಟವನ್ನು ಕಡಿದು ಚಿಂದಿ ಮಾಡಿದ್ದವು. ಅವನ್ನು ಹಿಡಿಸುವವರು ಯಾರೆಂದು ಕೇಳಿದ. ತಿಪ್ಪರಸ ಎದ್ದು, ಆ ತನಿಖೆ ತನಗಿರಲಿ ಎಂದ.

ಬೆಳಗಾಯಿತು. ಪಲ್ಲಕ್ಕಿಯಲ್ಲಿ ಒಂದು ಬೆಕ್ಕು, ಮೇಲೆ ಛತ್ರಿ, ಮುಂದೆ ದಳದ ಕಹಳೆಯವರು. ಮಾರ್ಜಾಲರಾಯರು ತನಿಖೆಗೆ ದಯಮಾಡಿಸುತ್ತಿದ್ದಾರೆಂದು ಸಾರುತ್ತ ಮೆರವಣಿಗೆ ಉಗ್ರಾಣವನ್ನು ಸುತ್ತಿತು. ಬಾಗಿಲು ತೆರೆದರು. ರಾಯರು ಒಳಗೆ ಹೋಗಿ ಅಕ್ಕಿಮೂಟೆಯ ಮೇಲೆ ನಿದ್ದೆಹೋದರು.

“ತನಿಖೆ ಮುಗಿಯಿತು, ಪ್ರಭು. ಉಗ್ರಾಣದಲ್ಲಿ ಇಲಿಗಳಿಲ್ಲ,” ಎಂದು ತಿಪ್ಪರಸ ಕೈಮುಗಿದ.

“ಅಷ್ಟು ಕಹಳೆ ಕೇಳಿದ ಮೇಲೆ ಯಾವ ಇಲಿ ಕಾದು ಕೂತಿರುತ್ತದಯ್ಯಾ?”

“ಅದನ್ನು ನಾನರಿಯೆ. ತಮ್ಮ ದಳದ ಪದ್ಧತಿಯಲ್ಲಿ ಒಂದಿಷ್ಟೂ ಲೋಪ ಮಾಡಿಲ್ಲ.”

“ಹಾಗಾದರೆ ನನ್ನ ಪೇಟ ಹರಿದದ್ದು ಸುಳ್ಳೇ?”

“ದೂರು ಸಾಬೀತಾಗಲಿಲ್ಲ, ಅಷ್ಟೇ.” ತಿಪ್ಪರಸ ಛಡಿ ಹಿಡಿದು ನಿಂತಿದ್ದ ಭಟನನ್ನು ಹತ್ತಿರಕ್ಕೆ ಕರೆದ. “ಇಂದು ಸಾಬೀತಾಗದ ದೂರುಗಳು ಎರಡು. ಒಂದು ಹೊನ್ನವ್ವನದು, ಇನ್ನೊಂದು ತಮ್ಮದು. ಏಟು ಮೊದಲು ಯಾರಿಗೆ, ಪ್ರಭು? ಹೆಂಗಸರಿಗೋ, ದೊರೆಗಳಿಗೋ?”

ದೊರೆ ಛಡಿಯನ್ನು ನೋಡಿದ. ನಕ್ಕುಬಿಡುವುದೇ ಕ್ಷೇಮವೆಂದು ತೋಚಿ, ನಕ್ಕ. ಹೊನ್ನವ್ವನನ್ನು ಬಿಡಿಸಿದ, ಛಡಿಯ ಕಾನೂನನ್ನು ರದ್ದುಮಾಡಿದ, ತಿಪ್ಪರಸನಿಗೆ ಶಾಲು ಹೊದಿಸಿದ.

ಅಂದೇ ಸಂಜೆ ದಳ ಸದ್ದಿಲ್ಲದೆ ಹೋಗಿ ಅಧಿಕಾರಿಯ ಮನೆಯಲ್ಲಿ ಸೀರೆಯನ್ನು ಹಿಡಿಯಿತು. ಸೀರೆ ಹೊನ್ನವ್ವನ ಕೈಸೇರಿತು. ಅಧಿಕಾರಿಗೆ ಕಠಿಣ ಶಿಕ್ಷೆಯಾಯಿತು: ಅವನನ್ನು ಬೇರೊಂದು ಸುಂಕದ ಕಟ್ಟೆಗೆ ವರ್ಗ ಮಾಡಲಾಯಿತು.

ಓದಿದವರು ದಯವಿಟ್ಟು ಈ ಕತೆಯನ್ನು ಇನ್ನೊಬ್ಬರಿಗೆ ದಾಟಿಸಿ. ಆ ಕಟ್ಟೆಯ ದಾರಿಯಾಗಿ ಹೋಗುವವರಿಗೆ ತಪ್ಪದೆ ಹೇಳಿ.