ಮಂಚದಿಂದ ಹೊಸ್ತಿಲವರೆಗೆ

ಯಮನಪ್ಪ ಪೈಲವಾನನಾಗಿದ್ದ. ಒಂದು ದಿನ ಕಲ್ಲು ತುಂಬಿದ ಗಾಡಿ ಮಗುಚಿ ಅವನ ಬಲಗಾಲು ಅದರಡಿ ಸಿಕ್ಕಿ ಜಜ್ಜಿಹೋಯಿತು. ವರ್ಷವಿಡೀ ಹಾಸಿಗೆ ಹಿಡಿದ. ಕೋಲೂರಿ ನಡೆಯುವಷ್ಟಾದಾಗ, ಊರವರಿಗೆ ಮುಖ ತೋರಿಸಲಾರದೆ ಹೊಳೆ ದಂಡೆಯ ಮಠಕ್ಕೆ ಬಂದ.

"ನನ್ನಿಂದ ಇನ್ನು ಯಾರಿಗೂ ಉಪಯೋಗವಿಲ್ಲ. ಇಲ್ಲೇ ಒಂದು ಮೂಲೆಯಲ್ಲಿ ಇರಲು ಬಿಡಿ" ಎಂದು ಗುರು ನಿರ್ವಾಣಯ್ಯನವರನ್ನು ಬೇಡಿಕೊಂಡ.

"ಇರು" ಎಂದರು ಗುರುಗಳು.

ಎರಡು ವರ್ಷ ಕಳೆಯಿತು. ಯಮನಪ್ಪ ಅಂಗಳ ಗುಡಿಸುತ್ತಿದ್ದ, ಕಟ್ಟಿಗೆ ಒಡೆಯುತ್ತಿದ್ದ. ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೀಲವ್ವನೆಂಬ ನೇಕಾರ ಹೆಂಗಸನ್ನು ಅವಳ ಗಂಡ ಗಾಡಿಯಲ್ಲಿ ಕರೆತಂದ. ಲಕ್ವ ಹೊಡೆದು ಅವಳ ಎಡಭಾಗ ಸ್ವಾಧೀನ ತಪ್ಪಿತ್ತು.

"ನನ್ನ ಹೆಂಡತಿ ಮತ್ತೆ ನಡೆಯುವ ಹಾಗೆ ಮಾಡಿ ಗುರುಗಳೇ" ಎಂದ.

ಗುರುಗಳು ಯಮನಪ್ಪನನ್ನು ಕರೆದರು. "ಈ ತಾಯಿಗೆ ನಡೆಯುವುದನ್ನು ಕಲಿಸು."

"ನಾನೇ ಕುಂಟ. ವೈದ್ಯರನ್ನು ಕರೆಸಿ."

"ವೈದ್ಯರು ನೋಡಿ ಆಗಿದೆ. ಆದರೆ ಅವರು ಯಾವತ್ತೂ ನಿನ್ನಂತೆ ಹಾಸಿಗೆ ಹಿಡಿದವರಲ್ಲ."

ಯಮನಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದ. ನೀಲವ್ವ ಎದ್ದಳು, ಬಿದ್ದಳು. ಮೂರನೇ ದಿನ ಏಳಲೇ ಇಲ್ಲ.

"ನಾನು ಹೇಳಿದ್ದನ್ನು ಕೇಳುವುದಿಲ್ಲ" ಎಂದು ಯಮನಪ್ಪ ಗುರುಗಳ ಬಳಿ ದೂರಿದ.

"ಏನು ಹೇಳಿದೆ?"

"ಹೆದರಬೇಡ ಎಂದೆ."

"ಮೊದಲ ಸಲ ಎದ್ದು ನಿಂತಾಗ ನಿನಗೆ ಹೆದರಿಕೆ ಇರಲಿಲ್ಲವೇ?"

"ಇತ್ತು" ಎಂದ ಯಮನಪ್ಪ.

"ಮತ್ತೆ ಅವಳಿಗೇಕೆ ಸುಳ್ಳು ಹೇಳುತ್ತೀ?"

ಮರುದಿನ ಯಮನಪ್ಪ ನೀಲವ್ವನ ಪಕ್ಕ ನೆಲದ ಮೇಲೆ ಕೂತ. ಅವಳಿಗೆ ಹೇಳಿದ: "ನೂರು ಜನರನ್ನು ಮಣ್ಣಿಗೆ ಕೆಡವಿದವನು ನಾನು, ತಾಯಿ. ಎದ್ದು ನಿಂತ ಮೊದಲ ದಿನ ಹೆದರಿ ಪಂಚೆ ಒದ್ದೆ ಮಾಡಿಕೊಂಡೆ. ಮಂಚದಿಂದ ಹೊಸ್ತಿಲು ಮುಟ್ಟಲು ಹನ್ನೊಂದು ದಿನ ಬೇಕಾಯಿತು."

ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

ನೀಲವ್ವ ಅವನನ್ನೇ ನೋಡಿದಳು. ವಾರೆಯಾಗಿದ್ದ ಬಾಯಲ್ಲಿ ಸಣ್ಣ ನಗು ಮೂಡಿತು. "ನನಗೆ ಇಪ್ಪತ್ತು ದಿನ ಹಿಡಿದರೆ ಬೈಯಬೇಡಣ್ಣ" ಎಂದು ಕೈ ಚಾಚಿದಳು.

ನಾಲ್ಕು ತಿಂಗಳಿಗೆ ಅವಳು ಕೋಲೂರಿಕೊಂಡು ಹೊಳೆಗಿಳಿದು, ತಾನೇ ಬೊಗಸೆ ನೀರು ತೆಗೆದು ಮುಖ ತೊಳೆದುಕೊಂಡಳು. ದಡದಲ್ಲಿ ನಿಂತ ಯಮನಪ್ಪನ ಕಣ್ಣು ತುಂಬಿ ಬಂತು.

ಸುದ್ದಿ ಹಬ್ಬಿತು. ನಡೆಯಲಾರದವರು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಯಮನಪ್ಪ ಈಗ ನಸುಕಿನಲ್ಲೇ ಏಳುತ್ತಿದ್ದ.

ಹಾಗೆ ಬಂದವನು ಕಲ್ಲುಕುಟಿಗ ದುರಗಪ್ಪ. ಬಂಡೆ ಉರುಳಿ ಒಂದು ಪಾದ ಕಳೆದುಕೊಂಡಿದ್ದ. ಯಮನಪ್ಪ ಏನು ಹೇಳಿದರೂ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಎಂಟನೇ ದಿನ ಊರುಗೋಲನ್ನು ಎಸೆದು, ಗಾಡಿ ತರಿಸಿಕೊಂಡು ಮನೆಗೆ ಹೊರಟುಹೋದ.

ಸಂಜೆ ಯಮನಪ್ಪ ಗುರುಗಳ ಮುಂದೆ ಬಂದು ಕೂತ.

"ನನಗಾದದ್ದನ್ನೆಲ್ಲ ಹೇಳಿದೆ ಗುರುಗಳೇ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಕೆಲಸ ನನ್ನ ಕೈಲಾಗುವುದಿಲ್ಲ."

"ಅವನ ಊರು ಎಷ್ಟು ದೂರ?"

"ಹೊಳೆಗುಂಟ ಆರು ಮೈಲಿ."

"ನೀನು ನಡೆದರೆ?"

ಯಮನಪ್ಪ ತನ್ನ ಕಾಲಿನ ಕಡೆ ನೋಡಿಕೊಂಡ. "ಇಡೀ ಹಗಲು ಬೇಕು."

"ಹಾಗಾದರೆ ಈಗ ಮಲಗು. ನಾಳೆ ಬೇಗ ಹೊರಡಬೇಕು."