ಪಾದುಕೆ ಮೆಟ್ಟಿ ಕೂತವನು

ಹೊಳೆದಂಡೆಯ ಮಠದ ಮಾನ ಆ ವಾರ ಓಣಿ ಓಣಿಯ ಬಾಯಿಗೆ ಬಿದ್ದಿತ್ತು.

ಗಂಡನನ್ನು ಕಳೆದುಕೊಂಡ ನೀಲವ್ವ, ದರ್ಜಿ ಕಾಡಪ್ಪನನ್ನು ಮದುವೆಯಾಗಲೇ ಅಂತ ಮಠದ ಸ್ವಾಮಿಗಳಾದ ಅಜ್ಜಾರನ್ನು ಮೆಸೇಜಿನಲ್ಲಿ ಗುಟ್ಟಾಗಿ ಕೇಳಿದ್ದಳು. ಅಜ್ಜಾರು ಉತ್ತರ ಕೊಡುವ ಮೊದಲೇ, ನಲ್ಲಿ ಮುಂದೆ ನಿಂತ ಹೆಂಗಸರು ಧಾರೆ ಸೀರೆಯ ಬಣ್ಣದವರೆಗೂ ಮಾತಾಡಿ ಮುಗಿಸಿದ್ದರು.

ಮಠದ ಮೆಸೇಜುಗಳು ಹಾದುಹೋಗುವ ಸರ್ವರ್ ಶಿಷ್ಯ ಫಕೀರಯ್ಯನ ಕೈಯಲ್ಲಿತ್ತು. ಇವರೊಡನೆ ಮೆಸೇಜು ಹಂಚಿಕೊಳ್ಳುವ ಗುಡ್ಡದ ಮಠದ ಸರ್ವರ್ ತಾನು ಅಂತ ಸುಳ್ಳು ಹೇಳಿ ಯಾವನೋ ಒಳಗೆ ನುಗ್ಗಿ ಎಲ್ಲ ಓದಿಬಿಟ್ಟಿದ್ದ. ಹೇಗೆ ನುಗ್ಗಿದ ಅನ್ನುವುದೇ ಫಕೀರಯ್ಯನಿಗೆ ಬಗೆಹರಿಯಲಿಲ್ಲ.

"ಅಜ್ಜಾರ, ಬಂದವರ ಗುರುತಿನ ಸರ್ಟಿಫಿಕೇಟ್ ನೋಡೇ ನಮ್ಮ ಸರ್ವರ್ ಬಾಗಿಲು ತೆಗಿತೈತ್ರಿ. ಅವನ ಸರ್ಟಿಫಿಕೇಟ್ ಖರೇದೇ ಐತಿ. ಅವಧೀನೂ ಮುಗದಿಲ್ಲ. ಮತ್ತ ತಪ್ಪೆಲ್ಲೈತ್ರಿ?"

ಅಜ್ಜಾರು ತಮ್ಮ ಪಾದುಕೆ ಬಿಚ್ಚಿ ಅವನ ಮುಂದೆ ತಳ್ಳಿದರು.

"ಮೆಟ್ಟಿಕೊಂಡು ನನ್ನ ಜಾಗಾದಾಗ ಕುಂಡ್ರು. ಬಾಯಿ ಬಿಡಬ್ಯಾಡ."

"ನಾ ಕೇಳಿದ್ದು ಸರ್ವರ್ ವಿಷಯಾರೀ."

"ನನಗೇನ್ ಕಿವುಡಿಲ್ಲ." ಅಜ್ಜಾರು ಎದ್ದು ಬರಿಗಾಲಲ್ಲೇ ಹೊಳೆಯ ಕಡೆ ನಡೆದರು; ಫಕೀರಯ್ಯ ಪಾದುಕೆ ಮೆಟ್ಟಿ ಅವರ ಜಾಗದಲ್ಲಿ ಕೂತ.

ಆ ಮಠದಲ್ಲಿ ಅಜ್ಜಾರ ಮುಂದೆ ಯಾರೂ ತಲೆ ಎತ್ತುವುದಿಲ್ಲ. ಬಾಗಿ ಪಾದುಕೆಗೆ ಹಣೆ ಹಚ್ಚಿ, ಕಷ್ಟವನ್ನು ಪಾದುಕೆಗೇ ಹೇಳಿ ಎದ್ದು ಹೋಗುತ್ತಾರೆ.

ಗೌಡರ ಸೊಸೆ ಬಂದು ತಾನು ಅತ್ತೆಯ ಹಾಲಿಗೆ ನೀರು ಬೆರೆಸುವುದನ್ನು ಹೇಳಿಕೊಂಡಳು. ಭಜನೆಗೆ ತಾಳ ಹಾಕುವ ಹಿರಿಯ ತನ್ನ ಎರಡನೇ ಮನೆಯ ಸಂಗತಿಯನ್ನೇ ಉಸುರಿದ. ಫಕೀರಯ್ಯನ ಕಿವಿ ಕೆಂಪಾದವು.

ಕೊನೆಗೆ ನೀಲವ್ವ ಬಂದಳು.

"ಅಜ್ಜಾರ, ಇನ್ನ ನಾ ಈ ಮಠಕ್ಕ ಬರಂಗಿಲ್ಲ. ನಾಚಿಕಿಗೆ ಕಾಡಪ್ಪ ಅಂಗಡಿ ಬಾಗಿಲಾ ತೆಗಿವಲ್ಲ. ಆ ಫಕೀರಯ್ಯನ ಕೈಯಾಗ ಎಮ್ಮಿ ಕೊಟ್ರ, ಊರೆಲ್ಲಾ ಹಿಂಡಿಕೊಂಡು ಹೋಗತೈತ್ರಿ."

ಪಾದುಕೆ ಗಡಗಡ ನಡುಗಿತು. ಅಜ್ಜಾರಿಗೆ ಮರುಕ ಬಂತು ಅಂದುಕೊಂಡು, ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಹೋದಳು.

ಫಕೀರಯ್ಯ ಪಾದುಕೆ ಕೈಯಲ್ಲಿ ಹಿಡಿದು ಹೊಳೆಗೆ ಓಡಿದ. ಅಜ್ಜಾರು ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು.

"ಒಬ್ಬರೂ ಮಾರಿ ನೋಡಲಿಲ್ರೀ. ಎಲ್ಲಾ ನನ್ನ ಮುಂದ ಹೇಳಿಬಿಟ್ರು."

"ಪಾದುಕಿ ಖರೇವ ಇದ್ದುವಲ್ಲ?"

"ಖರೇವ ರೀ. ಆದ್ರ ನಿಮ್ಮವು..."



"ಆ ಸರ್ಟಿಫಿಕೇಟ್ ಯಾರ ಹೆಸರಿಲೆ ಇತ್ತೋ?"

"ಗುಡ್ಡದ ಮಠದ್ದ ಇರಬೇಕ್ರಿ. ಹೆಸರು ನಾನೂ ನೋಡಲಿಲ್ಲ, ಸರ್ವರಿಗೂ ನೋಡಂತ ಹೇಳಲಿಲ್ಲ." ಮೊಬೈಲ್ ತೆಗೆದು ನೋಡಿದ. "ಯಾವುದೋ ಜವಳಿ ಅಂಗಡೀದೈತ್ರಿ."

ಅಜ್ಜಾರು ಕೈ ಚಾಚಿ ಪಾದುಕೆ ಇಸಿದುಕೊಂಡರು.

"ಬರಿಗಾಲಿಲೇ ನೀಲವ್ವನ ಮನಿಗೆ ಹೋಗು. ಆಕಿ ಬಾಗಿಲು ತೆಗಿಯೂಕಿಂತ ಮೊದಲ, ನಿನ್ನ ಹೆಸರು ಹೇಳು."